ಮಂಡಿ ನೋವಿನ ಒಂದು ಮಾತ್ರೆಯೊಳಗೆ ಎರಡು ಔಷಧ: ಲೆಕ್ಕ ಇಡುವುದು ಹೇಗೆ?

ತಿಪಟೂರಿನಲ್ಲಿರುವ ನಮ್ಮ ದೊಡ್ಡಮ್ಮನಿಗೆ ಎಪ್ಪತ್ತೊಂದು ವರ್ಷ. ಅವರ ಮಾತ್ರೆಗಳೆಲ್ಲ ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿರುತ್ತವೆ. ಕಳೆದ ವರ್ಷ ಅವರ ಪಾದಗಳು ಊದಿಕೊಂಡಿವೆ, ತಪ್ಪದೆ ಬಿಪಿ ಮಾತ್ರೆ ನುಂಗಿದರೂ ರಕ್ತದೊತ್ತಡ 160ರಿಂದ ಕೆಳಗಿಳಿಯುತ್ತಿಲ್ಲ, ಹೊಸದಾಗಿ ಇನ್ನೊಂದು ಬಿಪಿ ಮಾತ್ರೆ ಸೇರಿಸಿದ್ದಾರೆ ಎಂದು ತಿಳಿದು ನೋಡಲು ಹೋದಾಗ, ಆ ಡಬ್ಬಿಯನ್ನು ಜಗಲಿಯ ಮೇಲೆ ಸುರಿದು ಒಂದೊಂದು ಹಾಳೆಯ ಹಿಂಬದಿಯನ್ನೂ ಓದುತ್ತಾ ಕೂತೆ. ಬೆಳಗಿನ ಬಿಪಿ ಮಾತ್ರೆಯಲ್ಲಿ ಟೆಲ್ಮಿಸಾರ್ಟಾನ್ ಜೊತೆಗೆ ನೀರು ಇಳಿಸುವ ಕ್ಲೋರ್ಥಾಲಿಡೋನ್ ಇತ್ತು. ಹೃದಯದ ತೊಂದರೆಗೆಂದು ಕೆಲವು ವರ್ಷಗಳಿಂದ ನಡೆದುಬಂದಿರುವ 75 ಮಿ.ಗ್ರಾಂ ಆಸ್ಪಿರಿನ್, ಜ್ವರಕ್ಕೆಂದು ಇಟ್ಟುಕೊಂಡ ಡೋಲೋ 650, ಶೀತದ ಮಾತ್ರೆಯ ಅರ್ಧ ಹಾಳೆ, ಒಂದು ಗ್ಯಾಸ್ ಮಾತ್ರೆ ಮತ್ತು ಇವೆಲ್ಲದರ ನಡುವೆ ಮಂಡಿ ನೋವಿಗೆ ಒಂದೂವರೆ ವರ್ಷದ ಹಿಂದೆ ಹತ್ತು ದಿನಕ್ಕೆಂದು ಬರೆದುಕೊಟ್ಟಿದ್ದ, ಆಮೇಲೆ ಚೀಟಿಯಿಲ್ಲದೆಯೇ ಅಂಗಡಿಯಿಂದ ತರಿಸಿಕೊಂಡು ದಿನಕ್ಕೆರಡರಂತೆ ನುಂಗುತ್ತಿದ್ದ ಮಾತ್ರೆಯೂ ಇತ್ತು.

ಆ ಮಂಡಿ ಮಾತ್ರೆಯ ಹಿಂದೆ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರಗಳಲ್ಲಿ, ಅಸೆಕ್ಲೊಫೆನಾಕ್ 100 ಮಿ.ಗ್ರಾಂ, ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಎಂದು ಇಂಗ್ಲಿಷಿನಲ್ಲಿತ್ತು. ದೊಡ್ಡಮ್ಮನಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಅವರ ಲೆಕ್ಕದಲ್ಲಿ ಅದು ಒಂದು ಮಾತ್ರೆ, ಒಂದು ಔಷಧ. ಕರ್ನಾಟಕದ ಅನೇಕ ಮನೆಗಳಲ್ಲಿ ಮಂಡಿ ನೋವಿಗೆ ಬಳಕೆಯಾಗುವ ಈ ಬಗೆಯ ಸಂಯುಕ್ತ ಮಾತ್ರೆಯನ್ನು ಸುರಕ್ಷಿತವಾಗಿ ತೆಗೆದುಕೊಳ್ಳಬೇಕಾದರೆ ಮೊದಲು ಈ ಎಣಿಕೆ ಬದಲಾಗಬೇಕು. ಒಂದು ಮಾತ್ರೆಯಲ್ಲಿರುವ ಪ್ರತಿಯೊಂದು ಔಷಧವನ್ನೂ ಬೇರೆ ಬೇರೆಯಾಗಿ ಎಣಿಸಬೇಕು, ಡಬ್ಬಿಯಲ್ಲಿರುವ ಬೇರೆ ಮಾತ್ರೆಗಳ ಜೊತೆಗಿಟ್ಟು ಎಣಿಸಬೇಕು.

ನೋವು ಎಲ್ಲಿಂದ ಬರುತ್ತದೆ

ಎಕ್ಸ್‌ರೇ ನೋಡಿ “ಮಂಡಿ ಸವೆದಿದೆ, ಗ್ಯಾಪ್ ಕಡಿಮೆಯಾಗಿದೆ” ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಎಲುಬಿನ ತುದಿಯನ್ನು ಹೊದ್ದಿರುವ ಮೃದ್ವಸ್ಥಿ ತೆಳುವಾಗಿರುವುದನ್ನು ಈ ಮಾತು ಸೂಚಿಸುತ್ತದೆ. ಆದರೆ ಮೃದ್ವಸ್ಥಿಯಲ್ಲಿ ನರಗಳಿಲ್ಲ, ಹಾಗಾಗಿ ಅದು ತಾನಾಗಿ ನೋಯುವುದಿಲ್ಲ. ನೋವು ಬರುವುದು ಅದರ ಕೆಳಗಿನ ಎಲುಬಿನಿಂದ, ಉರಿಯೂತಕ್ಕೊಳಗಾದ ಕೀಲಿನ ಒಳಪೊರೆಯಿಂದ, ಸುತ್ತಲಿನ ಕಟ್ಟುಗಳಿಂದ ಮತ್ತು ದುರ್ಬಲಗೊಂಡ ಸ್ನಾಯುಗಳಿಂದ. ನೋವಿನ ಮಾತ್ರೆ ಈ ಉರಿಯೂತವನ್ನೂ ನೋವಿನ ಅನುಭವವನ್ನೂ ತಗ್ಗಿಸುತ್ತದೆಯೇ ಹೊರತು ಸವೆದುಹೋದದ್ದನ್ನು ಮರಳಿ ಬೆಳೆಸುವುದಿಲ್ಲ. ಆದ್ದರಿಂದ ಅದನ್ನು ಬಿಪಿ ಮಾತ್ರೆಯಂತೆ ದಿನವೂ ನುಂಗಿದರೆ ಕಾಯಿಲೆ ಹಿಡಿತಕ್ಕೆ ಬರುತ್ತದೆ ಎಂದು ತಿಳಿಯುವುದು ತಪ್ಪು.

ಎರಡು ಔಷಧಗಳ ಎರಡು ದಾರಿ

ಅಸೆಕ್ಲೊಫೆನಾಕ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದವು ಒಂದೇ ಗುಂಪಿಗೆ ಸೇರಿದ ಉರಿಯೂತ ನಿವಾರಕಗಳು. ಪೆಟ್ಟಾದಲ್ಲಿ ಅಥವಾ ಉರಿಯೂತವಾದಲ್ಲಿ ದೇಹ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತದೆ. ನೋವು, ಊತ, ಬಿಸಿ ಹೆಚ್ಚಾಗುವುದು ಇವುಗಳಿಂದ. ಆಸ್ಪಿರಿನ್ ಮತ್ತು ಇದೇ ಬಗೆಯ ಔಷಧಗಳು ಈ ತಯಾರಿಕೆಯನ್ನೇ ತಡೆಯುತ್ತವೆ ಎಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಇಲ್ಲಿ ಗಮನಿಸಬೇಕಾದ ಸಂಗತಿ ಏನೆಂದರೆ, ಹೊಟ್ಟೆಯ ಒಳಗೋಡೆಯನ್ನು ಅದರದೇ ಆಮ್ಲದಿಂದ ಕಾಪಾಡುವುದೂ, ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗದಂತೆ ನೋಡಿಕೊಳ್ಳುವುದೂ ಇದೇ ಪ್ರೊಸ್ಟಾಗ್ಲಾಂಡಿನ್‌ಗಳ ಕೆಲಸ. ಮಂಡಿಯಲ್ಲಿ ಬೇಡವಾದದ್ದು ಹೊಟ್ಟೆಗೂ ಕಿಡ್ನಿಗೂ ಬೇಕು. ಮಾತ್ರೆಗೆ ಈ ವ್ಯತ್ಯಾಸ ತಿಳಿಯದು. ರಕ್ತದಲ್ಲಿ ಸೇರಿ ಎಲ್ಲ ಕಡೆಗೂ ಹೋಗುತ್ತದೆ, ಎಲ್ಲ ಕಡೆಯೂ ತಡೆಯುತ್ತದೆ.

ಪ್ಯಾರಾಸಿಟಮಾಲ್ ಬೇರೆಯೇ ಬಗೆಯದು. ಅದು ಮುಖ್ಯವಾಗಿ ಮೆದುಳು ಮತ್ತು ಬೆನ್ನುಹುರಿಯ ಮಟ್ಟದಲ್ಲಿ ನೋವನ್ನೂ ಜ್ವರವನ್ನೂ ತಗ್ಗಿಸುತ್ತದೆ. ಕೀಲಿನ ಉರಿಯೂತದ ಮೇಲೆ ಅದರ ಪ್ರಭಾವ ಅತ್ಯಲ್ಪ. ಹೊಟ್ಟೆಗೆ ಹೆಚ್ಚು ಸೌಮ್ಯ. ಆದರೆ ಅದರ ಮಿತಿ ಇರುವುದು ಯಕೃತ್ತಿನಲ್ಲಿ. ಅಲ್ಲಿ ಅದು ಕರಗುವಾಗ ಸ್ವಲ್ಪ ಭಾಗ ವಿಷಕಾರಿ ವಸ್ತುವಾಗಿ ಮಾರ್ಪಡುತ್ತದೆ, ಯಕೃತ್ತಿನಲ್ಲಿರುವ ಗ್ಲುಟಾಥಯೋನ್ ಎಂಬ ವಸ್ತು ಅದನ್ನು ಆಗಿಂದಾಗಲೇ ನಿರ್ವಿಷಗೊಳಿಸುತ್ತದೆ. ಪ್ರಮಾಣ ಮೀರಿದರೆ ಗ್ಲುಟಾಥಯೋನ್ ಬರಿದಾಗಿ, ಆ ವಿಷ ಯಕೃತ್ತಿನ ಜೀವಕೋಶಗಳನ್ನೇ ಕೊಲ್ಲಲು ತೊಡಗುತ್ತದೆ. ದಿನವೂ ಮದ್ಯ ಸೇವಿಸುವವರಲ್ಲಿ, ಊಟ ಸೇರದೆ ಬಡಕಲಾದವರಲ್ಲಿ ಈ ಸಂಗ್ರಹ ಮೊದಲೇ ಕಡಿಮೆಯಿರುತ್ತದೆ.

ಎರಡು ಬೇರೆ ದಾರಿಗಳಿಂದ ನೋವನ್ನು ತಡೆದರೆ ಒಂದೊಂದರ ಪ್ರಮಾಣವನ್ನೂ ಕಡಿಮೆ ಇಡಬಹುದು ಎಂಬುದು ಎರಡನ್ನು ಕೂಡಿಸುವುದರ ಹಿಂದಿನ ತರ್ಕ. ತರ್ಕ ಸರಿಯೇ, ಆದರೆ ಅದಕ್ಕೆ ಬೆಲೆಯೂ ಇದೆ. ಮಂಡಿ ನೋವಿರುವ 892 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಕೂಡಿಸಿ ಪೂರ್ಣ ಪ್ರಮಾಣದಲ್ಲಿ ತೆಗೆದುಕೊಂಡವರಿಗೆ ಬರೀ ಪ್ಯಾರಾಸಿಟಮಾಲ್ ತೆಗೆದುಕೊಂಡವರಿಗಿಂತ ಹತ್ತನೆಯ ದಿನದ ಹೊತ್ತಿಗೆ ನೋವು ಹೆಚ್ಚು ಇಳಿದಿತ್ತು. ಆದರೆ 13 ವಾರಗಳ ಕೊನೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ, ಕೂಡಿಸಿ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 38 ಜನರ ಹಿಮೋಗ್ಲೋಬಿನ್ ಕನಿಷ್ಠ ಒಂದು ಗ್ರಾಂನಷ್ಟು ಇಳಿದಿತ್ತು. ಒಂದೊಂದೇ ಔಷಧ ತೆಗೆದುಕೊಂಡವರಲ್ಲಿ ಹೀಗಾದದ್ದು ನೂರಕ್ಕೆ ಸುಮಾರು 20 ಜನರಿಗೆ. ಇಷ್ಟು ಇಳಿತಕ್ಕೆ ಸಾಮಾನ್ಯವಾಗಿ ಕಾರಣ ಹೊಟ್ಟೆಯಲ್ಲೋ ಕರುಳಿನಲ್ಲೋ ಕಣ್ಣಿಗೆ ಕಾಣದಂತೆ ಒಸರುವ ರಕ್ತ. ಮೊದಲೇ ರಕ್ತಹೀನತೆ ಹೆಚ್ಚಾಗಿರುವ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಈ ಸಂಗತಿಯನ್ನು ಲಘುವಾಗಿ ತೆಗೆದುಕೊಳ್ಳಲಾಗದು ಎಂದು ನನಗನ್ನಿಸುತ್ತದೆ.

ಹಾಳೆಯ ಹಿಂಬದಿಯ ಲೆಕ್ಕ

ಅಸೆಕ್ಲೊಫೆನಾಕ್‌ಗೆ ವಯಸ್ಕರ ದಿನದ ಮಿತಿ 200 ಮಿ.ಗ್ರಾಂ. ಅಂದರೆ 100 ಮಿ.ಗ್ರಾಂ ಇರುವ ಸಂಯುಕ್ತ ಮಾತ್ರೆಯನ್ನು ದಿನಕ್ಕೆ ಎರಡಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಮಧ್ಯಾಹ್ನ ನೋವು ಜಾಸ್ತಿಯಾಯಿತೆಂದು ಮೂರನೆಯದನ್ನು ನುಂಗಿದಾಗ ಪ್ಯಾರಾಸಿಟಮಾಲ್ ಮಿತಿಯೊಳಗೇ ಇರುತ್ತದೆ, ಅಸೆಕ್ಲೊಫೆನಾಕ್ ಮಿತಿ ದಾಟಿರುತ್ತದೆ. 200 ಮಿ.ಗ್ರಾಂ ಒಂದೇ ಮಾತ್ರೆಯಲ್ಲಿರುವ, ನಿಧಾನವಾಗಿ ಬಿಡುಗಡೆಯಾಗುವ ಎಸ್‌ಆರ್ ಬಗೆಯೂ ಸಿಗುತ್ತದೆ. ಅದು ದಿನಕ್ಕೆ ಒಂದೇ, ಅದನ್ನು ಮುರಿಯಬಾರದು, ಪುಡಿ ಮಾಡಬಾರದು.

ಪ್ಯಾರಾಸಿಟಮಾಲ್‌ನ ಲೆಕ್ಕ ತಪ್ಪುವುದು ಬೇರೆ ರೀತಿಯಲ್ಲಿ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4000 ಮಿ.ಗ್ರಾಂ ಪರಮಾವಧಿ, ವಯಸ್ಸಾದವರಿಗೆ, 50 ಕಿಲೋಗಿಂತ ಕಡಿಮೆ ತೂಕದವರಿಗೆ, ಯಕೃತ್ತಿನ ತೊಂದರೆಯಿರುವವರಿಗೆ ವೈದ್ಯರು ಸಾಮಾನ್ಯವಾಗಿ 2000ದಿಂದ 3000 ಮಿ.ಗ್ರಾಂಗಳ ಒಳಗೇ ನಿಲ್ಲಿಸುತ್ತಾರೆ. ಈಗ ಮಂಡಿ ಮಾತ್ರೆ ತೆಗೆದುಕೊಳ್ಳುವವರಿಗೆ ಶೀತ ಜ್ವರ ಬಂತೆಂದುಕೊಳ್ಳಿ. ದಿನಕ್ಕೆರಡು ಮಂಡಿ ಮಾತ್ರೆಯಿಂದ 650 ಮಿ.ಗ್ರಾಂ, ಆರು ಗಂಟೆಗೊಮ್ಮೆ ನುಂಗಿದ ನಾಲ್ಕು ಡೋಲೋ 650ರಿಂದ 2600 ಮಿ.ಗ್ರಾಂ, ಮೂರು ಹೊತ್ತು ನುಂಗಿದ 500 ಮಿ.ಗ್ರಾಂ ಪ್ಯಾರಾಸಿಟಮಾಲ್ ಇರುವ ಶೀತದ ಮಾತ್ರೆಯಿಂದ 1500 ಮಿ.ಗ್ರಾಂ ಸೇರಿ ಒಟ್ಟು 4750 ಮಿ.ಗ್ರಾಂ ಆಯಿತು. ಯಾವ ಮಾತ್ರೆಯನ್ನೂ ಅವರು ಅತಿಯಾಗಿ ನುಂಗಲಿಲ್ಲ, ಪ್ರತಿಯೊಂದನ್ನೂ ಹೇಳಿದಷ್ಟೇ ನುಂಗಿದರು. ಮಿತಿ ಮೀರಿದ್ದು ಒಂದೇ ಔಷಧ ಮೂರು ಹೆಸರುಗಳಲ್ಲಿ ಒಳಗೆ ಹೋದದ್ದರಿಂದ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ವೈದ್ಯರ ಚೀಟಿಯ ಮೇಲೆ ಸಿಗುವ ಸಂಯುಕ್ತ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಮೀರಬಾರದೆಂದು 2011ರಲ್ಲಿ ಹೇಳಿದ್ದು ಇಂಥ ಅರಿವಿಲ್ಲದ ಮಿತಿಮೀರುವಿಕೆಯನ್ನು ತಡೆಯಲೆಂದೇ.

ಬ್ರಾಂಡ್ ಹೆಸರಿನ ಕೊನೆಯಲ್ಲಿ ಬರುವ ಅಕ್ಷರಗಳನ್ನೂ ನೋಡಿಕೊಳ್ಳಬೇಕು. ‘ಪಿ’ ಇದ್ದರೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸೇರಿದೆ, ‘ಎಸ್‌ಪಿ’ ಇದ್ದರೆ ಸೆರಾಟಿಯೋಪೆಪ್ಟಿಡೇಸ್ ಕೂಡ ಸೇರಿದೆ, ‘ಎಂಆರ್’ ಇದ್ದರೆ ಸ್ನಾಯು ಸಡಿಲಿಸುವ ಇನ್ನೊಂದು ಔಷಧ ಸೇರಿದೆ ಎಂದರ್ಥ. ಆದರೆ ಇದು ಕಂಪನಿಗಳು ರೂಢಿಸಿಕೊಂಡ ಪದ್ಧತಿಯಾದ್ದರಿಂದ ಹಿಂಬದಿಯ ಪಟ್ಟಿಯೇ ಕೊನೆಯ ಮಾತು. ಊತ ಇಳಿಸುವುದೆಂದು ಮಾರುವ ಸೆರಾಟಿಯೋಪೆಪ್ಟಿಡೇಸ್‌ನ ಕಥೆ ಹೇಳಲೇಬೇಕು. ಅದನ್ನು ಮೊದಲು ಬಳಕೆಗೆ ತಂದ ಜಪಾನಿನಲ್ಲೇ ತಾಕೇದಾ ಕಂಪನಿ, ಔಷಧವಿಲ್ಲದ ಹುಸಿ ಮಾತ್ರೆಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲವೆಂದು 2011ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ನಮ್ಮಲ್ಲಿ ಇಂದಿಗೂ ಮಂಡಿ ನೋವಿನ ಚೀಟಿಗಳಲ್ಲಿ ಅದು ಧಾರಾಳವಾಗಿ ಕಾಣಿಸುತ್ತದೆ. ಮೂರನೆಯ ಔಷಧ ಏಕೆ ಬೇಕು ಎಂದು ವೈದ್ಯರನ್ನು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಸಂಯುಕ್ತ ಔಷಧವೆಂದ ಮಾತ್ರಕ್ಕೆ ಅದಕ್ಕೆ ಸಮರ್ಥನೆ ಇದ್ದೇ ಇರುತ್ತದೆ ಎಂದಲ್ಲ. ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ 156 ಸಂಯುಕ್ತ ಔಷಧಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ 50 ಮಿ.ಗ್ರಾಂ ಅಸೆಕ್ಲೊಫೆನಾಕ್ ಮತ್ತು 125 ಮಿ.ಗ್ರಾಂ ಪ್ಯಾರಾಸಿಟಮಾಲ್‌ನ ಮಾತ್ರೆಯೂ ಇತ್ತು.

ಇನ್ನೊಂದು ತೊಡಕು ಅಂಗಡಿಯ ಕತ್ತರಿಯದು. ನಾಲ್ಕೇ ಮಾತ್ರೆ ಸಾಕೆಂದಾಗ ಹಾಳೆಯನ್ನು ಕತ್ತರಿಸಿ ಕೊಡುತ್ತಾರೆ, ಔಷಧದ ಹೆಸರೂ ಅವಧಿ ಮುಗಿಯುವ ದಿನಾಂಕವೂ ಅಂಗಡಿಯಲ್ಲೇ ಉಳಿದ ತುಂಡಿನಲ್ಲಿರುತ್ತವೆ. ಹೆಸರಿರುವ ತುಂಡನ್ನೇ ಕೇಳಿ ಪಡೆಯಬೇಕು, ಇಲ್ಲವೇ ಅದರ ಫೋಟೋ ತೆಗೆದುಕೊಳ್ಳಬೇಕು.

ಡಬ್ಬಿಯಲ್ಲಿರುವ ಬೇರೆ ಮಾತ್ರೆಗಳೊಡನೆ

ದೊಡ್ಡಮ್ಮನ ಊದಿದ ಪಾದಕ್ಕೂ ಇಳಿಯದ ಬಿಪಿಗೂ ಕಾರಣ ಇದ್ದದ್ದು ಇಲ್ಲಿಯೇ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್ ಮುಂತಾದ ಬಿಪಿ ಔಷಧಗಳು ಮೂತ್ರಪಿಂಡದ ಸೋಸುವ ಜಾಲರಿಯಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಗೊಳಿಸುತ್ತವೆ. ನೀರು ಇಳಿಸುವ ಮಾತ್ರೆ ದೇಹದಲ್ಲಿರುವ ಒಟ್ಟು ದ್ರವವನ್ನು ಕಡಿಮೆ ಮಾಡುತ್ತದೆ. ಅಸೆಕ್ಲೊಫೆನಾಕ್ ಗುಂಪಿನ ಔಷಧ ಒಳಬರುವ ನಾಳವನ್ನು ಬಿಗಿಗೊಳಿಸುತ್ತದೆ. ಒಳಹರಿವು ಕಿರಿದಾಗಿ, ಹೊರಹರಿವು ಅಗಲವಾಗಿ, ಹರಿಯುವ ದ್ರವವೇ ಕಡಿಮೆಯಾದರೆ ಸೋಸಲು ಬೇಕಾದ ಒತ್ತಡ ಉಳಿಯುವುದಿಲ್ಲ. ಒಂದೊಂದೂ ತನ್ನಷ್ಟಕ್ಕೆ ಒಳ್ಳೆಯ ಔಷಧವೇ, ಮೂರೂ ಸೇರಿದಾಗ ಕಿಡ್ನಿ ಸೋಲಬಹುದು. ಇದರ ಮೇಲೆ ವಾಂತಿ, ಭೇದಿ, ಬೇಸಿಗೆಯ ಬೆವರು ಅಥವಾ ನೀರೂ ಕುಡಿಯದ ಉಪವಾಸ ಸೇರಿದರೆ ಒಂದೆರಡು ದಿನಗಳಲ್ಲೇ ಮೂತ್ರ ಕಡಿಮೆಯಾಗಿ, ಕಿಡ್ನಿ ಸರಿಯಾಗಿ ಸೋಸದಿದ್ದಾಗ ರಕ್ತದಲ್ಲಿ ಹೆಚ್ಚಾಗುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಏರಬಹುದು. ಈ ಗುಂಪಿನ ಔಷಧಗಳು ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಡುವುದರಿಂದ ಬಿಪಿ ಏರುತ್ತದೆ, ಬಿಪಿ ಮಾತ್ರೆಯ ಕೆಲಸವೂ ಕುಂದುತ್ತದೆ. ಆಗ ಕಾರಣ ಹುಡುಕದೆ ಇನ್ನೊಂದು ಬಿಪಿ ಮಾತ್ರೆ ಸೇರಿಸಿದರೆ ಒಂದು ಔಷಧದ ಅಡ್ಡಪರಿಣಾಮಕ್ಕೆ ಇನ್ನೊಂದು ಔಷಧ ಕೊಟ್ಟಂತಾಗುತ್ತದೆ. ದೊಡ್ಡಮ್ಮನಿಗೆ ಆದದ್ದು ಅದೇ. ಬಿಪಿ ನೋಡುತ್ತಿದ್ದ ವೈದ್ಯರಿಗೆ ಮಂಡಿ ಮಾತ್ರೆಯ ಸುದ್ದಿಯನ್ನು ಯಾರೂ ಹೇಳಿರಲಿಲ್ಲ. “ಅದು ಬರೀ ನೋವಿನ ಮಾತ್ರೆ ಅಲ್ಲವೇನಪ್ಪಾ” ಎಂದು ದೊಡ್ಡಮ್ಮ ನನ್ನನ್ನೇ ಕೇಳಿದರು.

ಮೂತ್ರಪಿಂಡದ ಮೇಲೆ ಈ ಗುಂಪಿನ ಔಷಧಗಳು ಎಷ್ಟು ಕಠಿಣವಾಗಬಲ್ಲವು ಎಂಬುದಕ್ಕೆ ನಮ್ಮ ನಾಡಿನ ರಣಹದ್ದುಗಳು ಸಾಕ್ಷಿ. ಡೈಕ್ಲೊಫೆನಾಕ್ ಕೊಟ್ಟಿದ್ದ ದನಗಳ ಕಳೇಬರ ತಿಂದು ಕಿಡ್ನಿ ವಿಫಲವಾಗಿ ಅವು ಸಾಯುತ್ತಿದ್ದವೆಂದು ಗೊತ್ತಾದ ಮೇಲೆ 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ದನದ ದೇಹದಲ್ಲಿ ಅಸೆಕ್ಲೊಫೆನಾಕ್ ಡೈಕ್ಲೊಫೆನಾಕ್ ಆಗಿ ಮಾರ್ಪಡುವುದರಿಂದ 2023ರಲ್ಲಿ ಅದನ್ನೂ ಪಶುವೈದ್ಯದಿಂದ ಕೈಬಿಡಲಾಯಿತು. ಮನುಷ್ಯರ ದೇಹ ರಣಹದ್ದಿನಷ್ಟು ಸೂಕ್ಷ್ಮವಲ್ಲ, ನಿಜ. ಆದರೆ ಈ ಎರಡು ಔಷಧಗಳು ಅಷ್ಟು ಹತ್ತಿರದ ಸಂಬಂಧಿಗಳೆಂಬುದು ನೆನಪಿರಲಿ. ಬೆಳಗ್ಗೆ ಮನೆಯಲ್ಲಿ ಅಸೆಕ್ಲೊಫೆನಾಕ್ ಮಾತ್ರೆ ನುಂಗಿ, ಸಂಜೆ ಕ್ಲಿನಿಕ್ಕಿನಲ್ಲಿ ಡೈಕ್ಲೊಫೆನಾಕ್ ಇಂಜೆಕ್ಷನ್ ಹಾಕಿಸಿಕೊಂಡರೆ ಒಂದೇ ಔಷಧವನ್ನು ಎರಡು ಪಟ್ಟು ತೆಗೆದುಕೊಂಡಂತೆಯೇ ಸರಿ.

ಹೃದಯದ ವಿಷಯ ಇನ್ನೂ ಖಚಿತವಾದದ್ದು. ರೋಫೆಕಾಕ್ಸಿಬ್ ಎಂಬ ಕೀಲು ನೋವಿನ ಔಷಧ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆಂದು 2004ರಲ್ಲಿ ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ಹೋಯಿತು. ಆಮೇಲೆ ಯುರೋಪಿನ ನಿಯಂತ್ರಕರು 2013ರಲ್ಲಿ ಡೈಕ್ಲೊಫೆನಾಕ್‌ಗೆ, ಮರುವರ್ಷ ಅಸೆಕ್ಲೊಫೆನಾಕ್‌ಗೆ ಅಂಥದೇ ಎಚ್ಚರಿಕೆಯನ್ನು ವಿಧಿಸಿದರು. ಹೃದಯದ ರಕ್ತನಾಳದ ಕಾಯಿಲೆ, ಹೃದಯ ವೈಫಲ್ಯ, ಪಾರ್ಶ್ವವಾಯು, ಕಾಲಿನ ರಕ್ತನಾಳದ ಕಾಯಿಲೆ ಇರುವವರಿಗೆ ಇವು ಸಲ್ಲವು ಎಂಬುದು ಅದರ ಸಾರ. ಸ್ಟೆಂಟ್ ಹಾಕಿಸಿಕೊಂಡವರು ಮಂಡಿ ನೋವೆಂದು ಅಂಗಡಿಯಿಂದ ಇದನ್ನು ತಂದು ನುಂಗುವುದು ಅತ್ಯಂತ ಅಪಾಯದ ಕೆಲಸ. ರಕ್ತ ಹೆಪ್ಪುಗಟ್ಟದಂತೆ ಅವರು ನುಂಗುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಜೊತೆ ಸೇರಿ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆಯೂ ಬಹಳ ಹೆಚ್ಚುತ್ತದೆ.

ಊಟದ ನಂತರ ನುಂಗಿದರೆ ಹೊಟ್ಟೆಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಅರ್ಧ ಸತ್ಯ. ಊಟ ಮಾಡಿ ಒಂದು ಲೋಟ ನೀರಿನೊಡನೆ ನುಂಗಿದರೆ ಉರಿ, ಸಂಕಟ ಕಡಿಮೆಯಾಗುತ್ತದೆ. ಆದರೆ ಹುಣ್ಣು ಆಗುವುದು ಔಷಧ ರಕ್ತದ ಮೂಲಕ ಹೊಟ್ಟೆಯ ಗೋಡೆಯನ್ನು ತಲುಪುವುದರಿಂದ, ಹಾಗಾಗಿ ಇಂಜೆಕ್ಷನ್ನಿನಿಂದಲೂ ಹುಣ್ಣಾಗಬಹುದು. ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆಯನ್ನು ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಜಠರಕ್ಕೆ ನಿಜವಾದ ರಕ್ಷಣೆ ಸಿಗುತ್ತದೆ. ಕಿಡ್ನಿಗಾಗಲಿ, ಹೃದಯಕ್ಕಾಗಲಿ, ಕೆಳಗಿನ ಕರುಳಿಗಾಗಲಿ ಅದರಿಂದ ರಕ್ಷಣೆಯಿಲ್ಲ. ಗುಲಾಬಿ ಬಣ್ಣದ ಆಂಟಾಸಿಡ್ ದ್ರವ ಉರಿಯನ್ನು ಶಮನಗೊಳಿಸಬಹುದೇ ಹೊರತು ಹುಣ್ಣನ್ನು ತಡೆಯಲಾರದು.

ಮಳೆಗಾಲದ ಜ್ವರದ ಬಗ್ಗೆ ಒಂದು ಮಾತು. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ಎಲ್ಲರಿಗೂ ನೆನಪಿರಬಹುದು. ಡೆಂಗಿ ಜ್ವರದಲ್ಲಿ ಮೈಕೈ ನೋವು, ಕೀಲು ನೋವು ವಿಪರೀತವಾಗಿರುತ್ತವೆ, ಮಂಡಿ ಮಾತ್ರೆ ಕೈಗೆಟಕುವಂತೆ ಮನೆಯಲ್ಲೇ ಇರುತ್ತದೆ. ಪ್ಲೇಟ್ಲೆಟ್ ಇಳಿಯುವ ಆ ಜ್ವರದಲ್ಲಿ ಅಸೆಕ್ಲೊಫೆನಾಕ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಯಾವುದೂ ಕೂಡದು, ರಕ್ತಸ್ರಾವದ ಅಪಾಯವಿದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಇರುವ ಮಾತ್ರೆಯನ್ನು ಮಿತಿಯೊಳಗೆ ತೆಗೆದುಕೊಳ್ಳಬೇಕು. ಮೊದಲಿಂದ ಮಂಡಿ ಮಾತ್ರೆ ನುಂಗುತ್ತಿದ್ದವರೂ ಜ್ವರ ಬಂದ ದಿನವೇ ಅದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಹೆಸರಿಲ್ಲದ ಪೊಟ್ಟಣಗಳು ಇನ್ನೊಂದು ಬಗೆಯ ‘ಸಂಯುಕ್ತ ಔಷಧ’. ಗಿಡಮೂಲಿಕೆಯದು, ಅಡ್ಡಪರಿಣಾಮವಿಲ್ಲ ಎನ್ನುತ್ತಾರೆ, ಮೂರೇ ದಿನದಲ್ಲಿ ನೋವು ಮಾಯವಾಗುತ್ತದೆ. ಆರ್ಟ್ರಿ ಕಿಂಗ್ ಎಂಬ ಹೆಸರಿನಲ್ಲಿ ಕೀಲು ನೋವಿಗೆಂದು ಮಾರಾಟವಾಗುತ್ತಿದ್ದ ಪೂರಕ ಮಾತ್ರೆಗಳಲ್ಲಿ ಡೈಕ್ಲೊಫೆನಾಕ್ ಮತ್ತು ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಅಡಗಿದ್ದವೆಂದು, ಡಬ್ಬಿಯ ಮೇಲೆ ಎರಡರ ಹೆಸರೂ ಇರಲಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಸಿತು. ಸ್ಟೆರಾಯ್ಡ್ ಸೇರಿದ ಪುಡಿಯಿಂದ ಸಕ್ಕರೆ ಏರುತ್ತದೆ, ಮುಖ ದುಂಡಗಾಗುತ್ತದೆ, ಎಲುಬು ತೆಳುವಾಗುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡವರು ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಪೊಟ್ಟಣದ ಸಮೇತ ವೈದ್ಯರ ಬಳಿಗೆ ಹೋಗಬೇಕು.

ಹಾಗಾದರೆ ಯಾರಿಗೆ, ಎಷ್ಟು ದಿನ? ಹೃದಯ, ಕಿಡ್ನಿ, ಹುಣ್ಣು, ಆಸ್ತಮಾ ಇವುಗಳ ಇತಿಹಾಸವಿಲ್ಲದವರಿಗೆ ನೋವು ಕೆರಳಿದ ದಿನಗಳಲ್ಲಿ, ವೈದ್ಯರು ಹೇಳಿದಷ್ಟು ಕಡಿಮೆ ಪ್ರಮಾಣದಲ್ಲಿ, ವಾರ ಹತ್ತು ದಿನಗಳ ಮಟ್ಟಿಗೆ ಈ ಮಾತ್ರೆ ಉಪಯುಕ್ತವೇ. ಅದಕ್ಕಿಂತ ಹೆಚ್ಚು ದಿನ ಬೇಕಾದರೆ ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ ಮತ್ತು ಬಿಪಿ ನೋಡಿಸಿಕೊಂಡೇ ಮುಂದುವರಿಯಬೇಕು. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ಕಾಫಿ ಪುಡಿಯಂಥದ್ದು ಕಂಡರೆ, ಎದೆ ನೋವು ಅಥವಾ ಉಬ್ಬಸ ಬಂದರೆ, ಮೂತ್ರ ಕಡಿಮೆಯಾಗಿ ಪಾದ ಊದಿದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪ್ಯಾರಾಸಿಟಮಾಲ್ ಅತಿಯಾಗಿದೆ ಎಂಬ ಅನುಮಾನವಿದ್ದರೆ ಲಕ್ಷಣಗಳಿಗಾಗಿ ಕಾಯಬಾರದು. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ, ಬೇಗ ಕೊಟ್ಟಷ್ಟೂ ಯಕೃತ್ತು ಉಳಿಯುತ್ತದೆ.

ಮಂಡಿಯಂಥ, ಚರ್ಮಕ್ಕೆ ಹತ್ತಿರವಿರುವ ಕೀಲಿಗೆ ಡೈಕ್ಲೊಫೆನಾಕ್ ಜೆಲ್ ಮಾತ್ರೆಗಿಂತ ಮೊದಲ ಆಯ್ಕೆಯಾಗಬೇಕೆಂಬುದು ಇಂದಿನ ಪ್ರಮುಖ ಚಿಕಿತ್ಸಾ ಸೂಚಿಗಳ ನಿಲುವು. ಜೆಲ್ ಹಚ್ಚಿದಾಗ ರಕ್ತ ಸೇರುವ ಔಷಧ ಮಾತ್ರೆಯಿಂದ ಸೇರುವುದರ ನೂರಕ್ಕೆ ಸುಮಾರು ಆರು ಪಾಲು ಮಾತ್ರ. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು ಇವು ಔಷಧಕ್ಕಿಂತ ಹೆಚ್ಚು ಕಾಲ ನೆರವಾಗುವ ಉಪಾಯಗಳು; ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ದೊಡ್ಡಮ್ಮನ ಕ್ರಿಯಾಟಿನಿನ್ ಅಂದು 1.6 ಇತ್ತು. ಡಬ್ಬಿಯ ಸಮೇತ ಕರೆದುಕೊಂಡು ಹೋದಾಗ ವೈದ್ಯರು ಮಂಡಿ ಮಾತ್ರೆಯನ್ನು ಪೂರ್ತಿ ನಿಲ್ಲಿಸಿ ಜೆಲ್ ಬರೆದರು, ನೋವು ತಡೆಯದ ದಿನ ಪ್ಯಾರಾಸಿಟಮಾಲ್ ಮಾತ್ರ ಎಂದರು. ಮೂರು ವಾರದ ನಂತರ ಕ್ರಿಯಾಟಿನಿನ್ 1.1ಕ್ಕೆ ಬಂತು, ಪಾದದ ಊತ ಇಳಿಯಿತು, ಹೊಸದಾಗಿ ಸೇರಿಸಿದ್ದ ಬಿಪಿ ಮಾತ್ರೆಯನ್ನು ತೆಗೆದರು. ಡಬ್ಬಿಯ ಮುಚ್ಚಳಕ್ಕೆ ಒಂದು ಹಾಳೆ ಅಂಟಿಸಿ, ಪ್ರತಿ ಮಾತ್ರೆಯೊಳಗಿನ ಔಷಧದ ಹೆಸರು, ಪ್ರಮಾಣ, ದಿನದ ಮಿತಿಯನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದೇನೆ. ಮೊನ್ನೆ ಶೀತವಾದಾಗ ಅಂಗಡಿಯ ಹುಡುಗನಿಂದ ಮಾತ್ರೆಯೊಳಗಿನ ಔಷಧಗಳ ಹೆಸರುಗಳನ್ನು ಓದಿಸಿಕೊಂಡು ನನಗೆ ಫೋನ್ ಮಾಡಿದರು: “ಇದರಲ್ಲೂ ಪ್ಯಾರಾಸಿಟಮಾಲ್ 500 ಇದೆಯಂತೆ ಕಣೋ, ಬೆಳಗ್ಗೆ 650 ತಗೊಂಡಿದ್ದೀನಿ, ಈಗ ಎಷ್ಟೊತ್ತಿಗೆ ನುಂಗಲಿ?”